ಉಳಿತಾಯದ ಹುಲ್ಲು ಬರಗಾಲದಲ್ಲಿ ಯಾಕೆ ಸತ್ತಿತು?

ಬೆಳಗಾದರೆ ಸಾಕು, ಹುಲ್ಲಿನ ಎಲೆಯೊಳಗೆ ಒಂದು ವ್ಯಾಪಾರ ಶುರುವಾಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಎಲೆಯ ಮೇಲಿನ ಸಣ್ಣ ಸಣ್ಣ ರಂಧ್ರಗಳು ತೆರೆಯಬೇಕು. ತೆರೆದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಬೇರೆ ದಾರಿ ಇಲ್ಲ. ಎರಡಕ್ಕೂ ಬಾಗಿಲು ಒಂದೇ.

ಈ ವ್ಯಾಪಾರದಲ್ಲಿ ಗಿಡಕ್ಕೆ ಸಿಗುವುದಕ್ಕಿಂತ ಹೋಗುವುದೇ ಜಾಸ್ತಿ. ಗೋಧಿ, ಭತ್ತದಂಥ ಗಿಡ ಇಂಗಾಲದ ಡೈಆಕ್ಸೈಡಿನ ಒಂದು ಅಣು ಹಿಡಿಯುವಷ್ಟರಲ್ಲಿ ನೀರಿನ ಸುಮಾರು 400 ಅಣುಗಳನ್ನು ಕಳೆದುಕೊಂಡಿರುತ್ತದೆ. ಅದಕ್ಕೆ ಕಾರಣ ಸರಳ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ಹತ್ತು ಲಕ್ಷದಲ್ಲಿ 420 ಭಾಗದಷ್ಟು. ಎಲೆಯೊಳಗೋ ತೇವ ತುಂಬಿ ತುಳುಕುತ್ತಿರುತ್ತದೆ, ಹೊರಗೆ ಒಣ ಗಾಳಿ. ಹೊರಗೆ ಓಡುವುದಕ್ಕೆ ನೀರಿಗಿರುವಷ್ಟು ಅವಸರ ಒಳಗೆ ಬರುವುದಕ್ಕೆ ಇಂಗಾಲಕ್ಕೆ ಇಲ್ಲ.

ನಾನಿರುವ ಕಾನ್ಸಾಸ್ ರಾಜ್ಯದಲ್ಲಿ ಈ ವ್ಯಾಪಾರವನ್ನು ತುಂಬಾ ಚೆನ್ನಾಗಿ ಕಲಿತ ಹುಲ್ಲುಗಳಿವೆ. ಫ್ಲಿಂಟ್ ಹಿಲ್ಸ್ ಅನ್ನುವ ಗುಡ್ಡಗಳ ಸಾಲಿನಲ್ಲಿ ನೇಗಿಲು ಹೂಡಲು ಆಗಲಿಲ್ಲ. ಮಣ್ಣಿನ ಕೆಳಗೆ ಬರೀ ಸುಣ್ಣಕಲ್ಲು, ಚಕಮಕಿ ಕಲ್ಲು. ಹಾಗಾಗಿ ಹುಲ್ಲು ಉಳಿಯಿತು. ಉತ್ತರ ಅಮೆರಿಕದ ಎತ್ತರದ ಹುಲ್ಲಿನ ಪ್ರೇರಿಯಲ್ಲಿ (ಪ್ರೇರಿ ಅಂದರೆ ವಿಶಾಲವಾದ ಹುಲ್ಲುಗಾವಲು) ಇವತ್ತು ಉಳಿದಿರುವುದು ನೂರಕ್ಕೆ ನಾಲ್ಕು ಭಾಗಕ್ಕಿಂತ ಕಡಿಮೆ. ಅದರಲ್ಲಿ ದೊಡ್ಡ ತುಂಡು ಇಲ್ಲೇ ಇದೆ. ಮ್ಯಾನ್‌ಹಟನ್ ಅನ್ನುವ ಸಣ್ಣ ಊರಿನ ಪಕ್ಕ (ನ್ಯೂಯಾರ್ಕಿನದ್ದಲ್ಲ, ಕಾನ್ಸಾಸಿನದ್ದು) ಕೋನ್ಜಾ ಪ್ರೇರಿ ಅನ್ನುವ ಸಂಶೋಧನಾ ತಾಣವಿದೆ. ಸುಮಾರು 3,500 ಹೆಕ್ಟೇರ್. 1971ರಿಂದ ಅಲ್ಲಿ ಹುಲ್ಲಿನ ಮೇಲೆ ಕೆಲಸ ನಡೆಯುತ್ತಿದೆ. ಒಂದು ಭಾಗಕ್ಕೆ ಪ್ರತಿ ವರ್ಷ ಬೆಂಕಿ ಹಾಕುತ್ತಾರೆ. ಇನ್ನೊಂದಕ್ಕೆ ನಾಲ್ಕು ವರ್ಷಕ್ಕೊಮ್ಮೆ. ಮತ್ತೊಂದಕ್ಕೆ ಇಪ್ಪತ್ತು ವರ್ಷಕ್ಕೊಮ್ಮೆ. ಕೆಲವು ಕಡೆ ಬೈಸನ್ ಅನ್ನುವ ಅಮೆರಿಕದ ಕಾಡೆಮ್ಮೆಗಳನ್ನು ಬಿಟ್ಟಿದ್ದಾರೆ. ಸಾರ್ವಜನಿಕರಿಗೆ ನಡೆದಾಡಲು ಒಂದು ದಾರಿಯೂ ಇದೆ. ಜುಲೈನಲ್ಲಿ ಹೋದರೆ ಹುಲ್ಲು ಸೊಂಟಕ್ಕೆ ಬಂದಿರುತ್ತದೆ, ಸೆಪ್ಟೆಂಬರಿನಲ್ಲಿ ತಲೆಗೆ.

ಗದಗದ ಕಡೆಯಿಂದ ಬಂದ ನನಗೆ ಪ್ರೇರಿ ಅಂದರೆ ಮಳೆ ಇಲ್ಲದ ನಾಡು ಅನ್ನುವ ಕಲ್ಪನೆ ಇತ್ತು. ಹಾಗೇನಿಲ್ಲ. ಕೋನ್ಜಾದಲ್ಲಿ ವರ್ಷಕ್ಕೆ 830 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ನಮ್ಮ ಊರಿಗಿಂತ ಜಾಸ್ತಿನೇ. ತೊಂದರೆ ಇರುವುದು ಮಳೆ ಬೀಳುವ ರೀತಿಯಲ್ಲಿ. ಒಂದು ವರ್ಷ ಸುರಿದರೆ ಇನ್ನೊಂದು ವರ್ಷ ಕೈ ಕೊಡುತ್ತದೆ. ಜೂನ್ ಪೂರ್ತಿ ಮಳೆ, ಆಗಸ್ಟಿನಲ್ಲಿ ಒಂದು ಹನಿ ಇಲ್ಲ. ಮೇಲೆ 38 ಡಿಗ್ರಿ ಬಿಸಿಲು, ಎಡೆಬಿಡದ ಗಾಳಿ.

ಈ ಹುಲ್ಲುಗಳ ಉಳಿತಾಯದ ಗುಟ್ಟು ಮೊದಲು ಕಂಡಿದ್ದು ಕಬ್ಬಿಣದ ಡಬ್ಬಿಗಳಲ್ಲಿ. 1910ರ ದಶಕದಲ್ಲಿ ಕೊಲರಾಡೊದ ಆಕ್ರನ್ ಎಂಬಲ್ಲಿ ಲೈಮನ್ ಬ್ರಿಗ್ಸ್ ಮತ್ತು ಹೋಮರ್ ಶಾಂಟ್ಜ್ ಅಂತ ಇಬ್ಬರು ದೊಡ್ಡ ದೊಡ್ಡ ಡಬ್ಬಿಗಳಲ್ಲಿ ಮಣ್ಣು ತುಂಬಿ ಬೆಳೆ ಬೆಳೆಸಿದರು. ಮಣ್ಣಿನಿಂದ ನೀರು ಆರಿಹೋಗದ ಹಾಗೆ ಮುಚ್ಚಳ ಹಾಕಿ ಮೇಣದಿಂದ ಮುಚ್ಚಿದರು. ಗಿಡದ ಮೂಲಕ ಬಿಟ್ಟರೆ ನೀರಿಗೆ ಹೊರಗೆ ಹೋಗಲು ಬೇರೆ ದಾರಿ ಇರಬಾರದು. ಆಮೇಲೆ ತೂಕ, ಮತ್ತೆ ತೂಕ, ಮತ್ತೆ ತೂಕ. ಒಂದು ಕಿಲೋ ಒಣ ಬೆಳೆ ಬರಲು ಎಷ್ಟು ಕಿಲೋ ನೀರು ಬೇಕು ಅನ್ನುವುದೊಂದೇ ಅವರ ಪ್ರಶ್ನೆ.

ಉತ್ತರದಲ್ಲಿ ಬೆಳೆಗಳು ಎರಡು ಗುಂಪಾಗಿ ಒಡೆದವು. ಗೋಧಿಗೆ 500 ಕಿಲೋ ಆಸುಪಾಸು. ಕುದುರೆ ಮಸಾಲೆ ಸೊಪ್ಪಿಗೆ 800 ದಾಟಿತು. ಜೋಳ, ಸಿರಿಧಾನ್ಯಗಳಿಗೆ ಮಾತ್ರ 300ರ ಸುತ್ತಮುತ್ತ. ಮೆಕ್ಕೆಜೋಳ ಅದಕ್ಕಿಂತ ಸ್ವಲ್ಪ ಮೇಲೆ. ಅದೇ ಬಿಸಿಲು, ಅದೇ ಗಾಳಿ, ಅದೇ ಮಣ್ಣು. ಕೆಲವು ಹುಲ್ಲು ಜಾತಿಗಳು ಬೇರೆಯವು ಕುಡಿಯುವ ಅರ್ಧದಷ್ಟು ನೀರಿನಲ್ಲಿ ಕೆಲಸ ಮುಗಿಸುತ್ತಿವೆ. ಯಾಕೆ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಅಂಕಿಗಳನ್ನು ಮಾತ್ರ ಅಚ್ಚುಕಟ್ಟಾಗಿ ಬರೆದಿಟ್ಟು ಹೋದರು. ಇದೇ ಬ್ರಿಗ್ಸ್ ಮುಂದೆ 1939ರಲ್ಲಿ ಅಮೆರಿಕದ ಯುರೇನಿಯಂ ಸಮಿತಿಗೆ ಅಧ್ಯಕ್ಷರಾದರು, ಅಂದರೆ ಅಣುಬಾಂಬ್ ಯೋಜನೆಯ ಮೊದಲ ಮೆಟ್ಟಿಲಿಗೆ. ಜೋಳದ ಡಬ್ಬಿ ತೂಗಿದವರು ಅಲ್ಲಿಗೆ ಹೋದ ಕಥೆ ಬೇರೆಯೇ ಬರೆಯಬೇಕು, ಇರಲಿ.

ಉತ್ತರ ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಸಿಕ್ಕಿದ್ದು ಪ್ರೇರಿಯಲ್ಲಲ್ಲ, ಕಬ್ಬಿನಲ್ಲಿ. ಹವಾಯಿಯ ಕಬ್ಬು ಬೆಳೆಗಾರರ ಸಂಘದ ಪ್ರಯೋಗಾಲಯದಲ್ಲಿ ಕಾರ್ಟ್‌ಶಾಕ್ ಮತ್ತು ಜೊತೆಗಾರರು ಕಬ್ಬಿನ ಎಲೆಗೆ ವಿಕಿರಣ ಸೂಸುವ ಇಂಗಾಲ ಕೊಟ್ಟು, ಅದು ಮೊದಲು ಎಲ್ಲಿ ಸೇರುತ್ತದೆ ಅಂತ ನೋಡಿದರು. ಪಠ್ಯಪುಸ್ತಕದ ಪ್ರಕಾರ ಮೂರು ಇಂಗಾಲದ ಪದಾರ್ಥ ಬರಬೇಕಿತ್ತು. ನಾಲ್ಕು ಇಂಗಾಲದ ಆಮ್ಲ ಬಂತು. ಸೋವಿಯತ್ ನಾಡಿನಲ್ಲಿ ಕಾರ್ಪಿಲೋವ್ ಇದನ್ನೇ 1960ರಲ್ಲಿ ಮೆಕ್ಕೆಜೋಳದಲ್ಲಿ ನೋಡಿ ರಷ್ಯನ್ ಭಾಷೆಯಲ್ಲಿ ಬರೆದಿದ್ದರು, ಹೊರಗೆ ಯಾರೂ ಗಮನಿಸಲಿಲ್ಲ. 1966ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ, ಒಂದು ಸಕ್ಕರೆ ಕಂಪನಿಯ ಪ್ರಯೋಗಾಲಯದಲ್ಲಿ, ಹ್ಯಾಚ್ ಮತ್ತು ಸ್ಲ್ಯಾಕ್ ಇಡೀ ದಾರಿಯನ್ನು ಬಿಡಿಸಿಟ್ಟರು. ಈಗ ಅದನ್ನು ಸಿ4 ಅನ್ನುತ್ತೇವೆ. ಹಳೆಯ, ಸಾಮಾನ್ಯ ದಾರಿ ಸಿ3.

ಏನು ವ್ಯತ್ಯಾಸ? ಎಲ್ಲ ಹಸಿರು ಗಿಡಗಳಲ್ಲೂ ಇಂಗಾಲವನ್ನು ಸಕ್ಕರೆಯ ದಾರಿಗೆ ಸೇರಿಸುವ ಕೆಲಸ ರುಬಿಸ್ಕೊ ಅನ್ನುವ ಕಿಣ್ವದ್ದು. ಅದಕ್ಕೊಂದು ಹುಟ್ಟುಗುಣವಿದೆ. ಇಂಗಾಲದ ಡೈಆಕ್ಸೈಡ್ ಹಿಡಿಯಬೇಕಾದ ಕಡೆ ಆಗಾಗ ಆಮ್ಲಜನಕ ಹಿಡಿಯುತ್ತದೆ. ಹಿಡಿದರೆ ಅದನ್ನು ಸರಿಮಾಡಲು ಗಿಡಕ್ಕೆ ಶಕ್ತಿ ದಂಡ, ಆಗಲೇ ಸಿಕ್ಕಿದ ಇಂಗಾಲದಲ್ಲೂ ಸ್ವಲ್ಪ ವಾಪಸ್ ಗಾಳಿಗೆ. ಬಿಸಿ ಏರಿದಷ್ಟೂ ಈ ಎಡವಟ್ಟು ಜಾಸ್ತಿ. ಇನ್ನು ನೀರು ಉಳಿಸಲು ಗಿಡ ರಂಧ್ರ ಕಿರಿದು ಮಾಡಿತು ಅನ್ನಿ. ಒಳಗಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ರುಬಿಸ್ಕೊ ಇನ್ನೂ ಹೆಚ್ಚು ಎಡವುತ್ತದೆ. ಸಿ3 ಗಿಡ ನೀರು ಉಳಿಸಲು ಹೋದರೆ ಎರಡು ಕಡೆಯಿಂದ ಪೆಟ್ಟು ತಿನ್ನುತ್ತದೆ.

ಸಿ4 ಹುಲ್ಲು ರುಬಿಸ್ಕೊವನ್ನು ಬದಲಾಯಿಸಲಿಲ್ಲ. ಅದನ್ನು ಒಳಮನೆಗೆ ಕಳಿಸಿತು. ಎಲೆಯ ನರಗಳ ಸುತ್ತ ದಪ್ಪ ಗೋಡೆಯ ಕೋಶಗಳ ಒಂದು ಸುತ್ತು ಇರುತ್ತದೆ, ರುಬಿಸ್ಕೊ ಇರುವುದು ಅಲ್ಲಿ. ಹೊರಗಿನ ಕೋಶಗಳಲ್ಲಿ ಬೇರೊಂದು ಕಿಣ್ವ ನಿಂತಿರುತ್ತದೆ. ಅದು ಆಮ್ಲಜನಕದ ಕಡೆ ತಿರುಗಿಯೂ ನೋಡುವುದಿಲ್ಲ. ಇಂಗಾಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲ ಮಾಡಿ ಒಳಗೆ ದಾಟಿಸುತ್ತದೆ. ಒಳಗೆ ಆಮ್ಲ ಒಡೆದು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಲ್ಲಿ ಅದರ ಸಾಂದ್ರತೆ ಹೊರಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಷ್ಟು ದಟ್ಟಣೆಯಲ್ಲಿ ರುಬಿಸ್ಕೊಗೆ ಎಡವಲು ಅವಕಾಶವೇ ಕಡಿಮೆ.

ನೀರಿನ ಉಳಿತಾಯ ಬರುವುದು ಇಲ್ಲಿಂದಲೇ. ಹೊರಗಿನ ಕಿಣ್ವ ಎಷ್ಟು ಚುರುಕು ಅಂದರೆ ಎಲೆಯೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಾ ಕಡಿಮೆಯಿದ್ದರೂ ಅದು ಕೆಲಸ ನಿಲ್ಲಿಸುವುದಿಲ್ಲ. ಸಿ3 ಎಲೆಯೊಳಗೆ ಹೊರಗಿನ ಗಾಳಿಯ ಶೇಕಡ 70ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದರೆ, ಸಿ4 ಎಲೆಯೊಳಗೆ ಶೇಕಡ 40ರಷ್ಟು ಸಾಕು. ಒಳಗೆ ಖಾಲಿ ಇದ್ದಷ್ಟೂ ಹೊರಗಿನಿಂದ ಬರುವ ಸೆಳೆತ ಹೆಚ್ಚು. ಹಾಗಾಗಿ ರಂಧ್ರವನ್ನು ಅಷ್ಟು ಅಗಲ ತೆರೆಯುವ ಅಗತ್ಯವಿಲ್ಲ. ಬ್ರಿಗ್ಸ್ ಮತ್ತು ಶಾಂಟ್ಜ್ ತೂಗಿದ್ದು ಈ ಅರ್ಧ ತೆರೆದ ಬಾಗಿಲನ್ನೇ.

ಪ್ರೇರಿಯ ನಾಲ್ಕು ದೊಡ್ಡ ಹುಲ್ಲುಗಳು, ಅಂದರೆ ಬಿಗ್ ಬ್ಲೂಸ್ಟೆಮ್, ಲಿಟಲ್ ಬ್ಲೂಸ್ಟೆಮ್, ಇಂಡಿಯನ್‌ಗ್ರಾಸ್, ಸ್ವಿಚ್‌ಗ್ರಾಸ್, ಎಲ್ಲವೂ ಸಿ4. ಇವುಗಳಲ್ಲಿ ಮೊದಲ ಮೂರು ನಮ್ಮ ಜೋಳ, ಕಬ್ಬು, ಲಾವಂಚಗಳ ಬಳಗದವು. ಇಂಡಿಯನ್‌ಗ್ರಾಸಿನ ತೆನೆ ನೋಡಿದಾಗ ನನಗೆ ಇದು ಹೊಲದ ಬದುವಿನಲ್ಲಿ ಬೆಳೆದ ಕಾಡುಜೋಳ ಅಲ್ವಾ ಅನಿಸಿತ್ತು. ಸುಮ್ನೆ ಅನಿಸಿದ್ದಲ್ಲ, ನೆಂಟಸ್ತಿಕೆ ನಿಜವಾಗಿಯೂ ಇದೆ.

ಈ ಯಂತ್ರ ಪುಕ್ಕಟೆಯಲ್ಲ. ಪ್ರತಿ ಇಂಗಾಲದ ಡೈಆಕ್ಸೈಡ್ ಅಣುವಿಗೆ ಸಿ4 ಗಿಡ ಎರಡು ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಹೆಚ್ಚಿಗೆ ಖರ್ಚು ಮಾಡಬೇಕು. ಬಿಸಿಲು ಧಾರಾಳವಾಗಿದ್ದಾಗ ಅದೇನೂ ಭಾರವಲ್ಲ. ಚಳಿಯಲ್ಲಿ ರುಬಿಸ್ಕೊ ಎಡವುವುದೇ ಕಡಿಮೆ, ಆಗ ಈ ಖರ್ಚು ದಂಡ. ಅದಕ್ಕೇ ಉತ್ತರಕ್ಕೆ ಹೋದಷ್ಟೂ ಸಿ4 ಹುಲ್ಲುಗಳ ಪಾಲು ಇಳಿಯುತ್ತದೆ. 1976ರಲ್ಲಿ ಟೀರಿ ಮತ್ತು ಸ್ಟೋವ್ ಉತ್ತರ ಅಮೆರಿಕದ ಹುಲ್ಲುಗಳ ಪಟ್ಟಿಗಳನ್ನು ಹವಾಮಾನದ ಜೊತೆ ಹೋಲಿಸಿ ನೋಡಿದಾಗ, ಈ ಪಾಲನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಮಳೆಯ ಅಂಕಿಯಲ್ಲ. ಬೆಳೆಯುವ ಕಾಲದ ರಾತ್ರಿಗಳು ಎಷ್ಟು ಬೆಚ್ಚಗಿರುತ್ತವೆ ಅನ್ನುವುದು. ಈ ಮಾತು ಮುಂದೆ ಬೇಕಾಗುತ್ತದೆ.

ರಂಧ್ರದ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಇದರಲ್ಲಿ ಹುಲ್ಲುಗಳನ್ನು ಮೀರಿಸುವ ಗಿಡಗಳಿಲ್ಲ. ಬೇರೆ ಗಿಡಗಳಲ್ಲಿ ರಂಧ್ರದ ಎರಡೂ ಬದಿಗೆ ಮೂತ್ರಪಿಂಡದ ಆಕಾರದ ಕಾವಲು ಕೋಶಗಳಿರುತ್ತವೆ. ಪೊಟ್ಯಾಸಿಯಂ ಒಳಗೆ ಬಂದರೆ ಹಿಂದೆಯೇ ನೀರು ಬರುತ್ತದೆ. ಕೋಶ ಉಬ್ಬುತ್ತದೆ, ರಂಧ್ರ ತೆರೆಯುತ್ತದೆ. ಹುಲ್ಲಿನಲ್ಲಿ ಈ ಕೋಶಗಳು ಡಂಬೆಲ್ ಆಕಾರದವು. ನಡುವೆ ಸಣ್ಣ, ಎರಡು ತುದಿ ದಪ್ಪ. ತುದಿಗಳು ಸ್ವಲ್ಪ ಉಬ್ಬಿದರೂ ನಡುವಿನ ಸೀಳು ಅಗಲವಾಗುತ್ತದೆ. ಪಕ್ಕದಲ್ಲೇ ಎರಡು ಸಹಾಯಕ ಕೋಶಗಳಿವೆ. ಕಾವಲು ಕೋಶ ಉಬ್ಬುವಾಗ ಇವು ಕುಗ್ಗಿ ಜಾಗ ಬಿಡುತ್ತವೆ. ಮುಚ್ಚುವಾಗ ಪೊಟ್ಯಾಸಿಯಂ ಮತ್ತೆ ಇವಕ್ಕೆ ಬರುತ್ತದೆ. 2017ರಲ್ಲಿ ಸ್ಟಾನ್‌ಫರ್ಡಿನಲ್ಲಿ ಮೈಕೆಲ್ ರೈಸಿಗ್ ಮತ್ತು ಜೊತೆಗಾರರು ಪ್ರಯೋಗಾಲಯದ ಒಂದು ಸಣ್ಣ ಹುಲ್ಲಿನಲ್ಲಿ ಸಹಾಯಕ ಕೋಶಗಳೇ ಇಲ್ಲದ ರೂಪವನ್ನು ಪರೀಕ್ಷಿಸಿದರು. ರಂಧ್ರ ಇತ್ತು, ತೆರೆಯುತ್ತಿತ್ತು. ಆದರೆ ನಿಧಾನ, ಪೂರ್ತಿಯೂ ಅಲ್ಲ. ಗಿಡವೂ ಸೊರಗಿತು.

ವೇಗ ಯಾಕೆ ಅಷ್ಟು ಮುಖ್ಯ? ಪ್ರೇರಿಯಲ್ಲಿ ಒಂದು ಮಧ್ಯಾಹ್ನ ನಿಂತರೆ ಅರ್ಥವಾಗುತ್ತದೆ. ದೊಡ್ಡ ಆಕಾಶ, ಬಿಡಿ ಬಿಡಿ ಮೋಡ, ಜೋರು ಗಾಳಿ. ಮೋಡದ ನೆರಳು ಗುಡ್ಡದ ಮೇಲೆ ಓಡಿ ಬರುತ್ತದೆ, ನಿಮ್ಮನ್ನು ದಾಟುತ್ತದೆ, ಹೋಗುತ್ತದೆ. ನೆರಳು ಬಿದ್ದ ತಕ್ಷಣ ಬೆಳಕು ಸಾಲದೆ ಇಂಗಾಲ ಹಿಡಿಯುವುದು ಕುಸಿಯುತ್ತದೆ. ಆಗಲೂ ರಂಧ್ರ ತೆರೆದೇ ಇದ್ದರೆ ನೀರು ಸುಮ್ಮನೆ ಹೋಗುತ್ತದೆ, ಪ್ರತಿಯಾಗಿ ಏನೂ ಸಿಗುವುದಿಲ್ಲ. ಮುಚ್ಚಿಬಿಟ್ಟರೆ, ಬಿಸಿಲು ಮತ್ತೆ ಬಂದಾಗ ತೆರೆಯುವವರೆಗೆ ಬೆಳಕು ವ್ಯರ್ಥ. ಆಲನ್ ನ್ಯಾಪ್ ಅನ್ನುವ ವಿಜ್ಞಾನಿ ಕೋನ್ಜಾದಲ್ಲಿ 1980ರ ದಶಕದಿಂದ ಇಂಥ ಅಳತೆಗಳನ್ನು ಮಾಡಿದವರು. ನೆರಳು–ಬಿಸಿಲಿನ ಈ ಆಟವನ್ನು ಹುಲ್ಲುಗಳು ನಿಮಿಷಗಳ ಲೆಕ್ಕದಲ್ಲಿ ಹಿಂಬಾಲಿಸುತ್ತವೆ. ಎಷ್ಟೋ ಮರ, ಪೊದೆಗಳು ಆ ತಲೆನೋವೇ ಬೇಡ ಅಂತ ಬಾಗಿಲು ತೆರೆದಿಟ್ಟೇ ಇರುತ್ತವೆ. ಇಡೀ ದಿನದ ಈ ಸಣ್ಣ ಸಣ್ಣ ಉಳಿತಾಯ ಸೇರಿದರೆ ದೊಡ್ಡದೇ.

ಬಿಸಿ ಇನ್ನೂ ಏರಿ, ಬೇರಿನಿಂದ ನೀರು ಬರುವುದು ಸಾಲದಾದರೆ ಎಲೆ ಸುರುಳಿಯಾಗುತ್ತದೆ. ಮೇಲ್ಮೈಯಲ್ಲಿ ಸಾಲಾಗಿರುವ ಕೆಲವು ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗುತ್ತವೆ, ಅಂಚುಗಳು ಒಳಕ್ಕೆ ಬಾಗುತ್ತವೆ. ಬಿಸಿಲಿಗೆ ತೆರೆದ ಜಾಗವೂ ಕಡಿಮೆಯಾಯಿತು, ರಂಧ್ರಗಳ ಸುತ್ತ ಗಾಳಿಯ ಹೊಡೆತವೂ ಕಡಿಮೆಯಾಯಿತು. ಜೋಳ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಎಲೆ ಸುತ್ತಿಕೊಂಡು ಸಂಜೆ ಬಿಚ್ಚಿಕೊಂಡರೆ ಚಿಂತೆಯಿಲ್ಲ. ಬೆಳಗ್ಗೆಯೂ ಸುತ್ತಿಕೊಂಡೇ ಇದ್ದರೆ ಹೊಲದಲ್ಲಿ ನೀರು ಮುಗಿದಿದೆ ಅಂತ.

ಇಷ್ಟೆಲ್ಲ ಓದಿದ ಮೇಲೆ ಯಾರಿಗಾದರೂ ಒಂದು ತೀರ್ಮಾನ ಬರುತ್ತದೆ: ಬರ ಬಂದರೆ ಸಿ4 ಹುಲ್ಲು ಉಳಿಯುತ್ತದೆ, ಸಿ3 ಸಾಯುತ್ತದೆ.

1930ರ ದಶಕದಲ್ಲಿ ನಡೆದದ್ದು ಉಲ್ಟಾ. ಆ ದಶಕದಲ್ಲಿ ಅಮೆರಿಕದ ಬಯಲು ನಾಡಿಗೆ ಬಂದ ಬರವನ್ನು ಇವತ್ತಿಗೂ ಧೂಳಿನ ಕಾಲ ಅಂತ ನೆನೆಯುತ್ತಾರೆ. 1934 ಮತ್ತು 1936 ತೀರಾ ಕೆಟ್ಟವು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಜಾನ್ ವೀವರ್ ಅದಕ್ಕೂ ಮೊದಲೇ ವರ್ಷಗಟ್ಟಲೆ ಪ್ರೇರಿಯಲ್ಲಿ ಗುಂಡಿ ತೋಡಿ ಬೇರುಗಳನ್ನು ಬಿಡಿಸಿ ಚಿತ್ರ ಬರೆದಿಟ್ಟಿದ್ದವರು. ಯಾವ ಹುಲ್ಲು ಎಲ್ಲಿತ್ತು, ಎಷ್ಟಿತ್ತು ಅಂತ ಅವರಿಗೆ ಬರಕ್ಕೆ ಮುಂಚೆಯೇ ಗೊತ್ತಿತ್ತು. ಕಾನ್ಸಾಸ್‌ನ ಹೇಸ್ ಎಂಬಲ್ಲಿ ಆಲ್ಬರ್ಟ್‌ಸನ್ ಇದೇ ಕೆಲಸ ಮಾಡುತ್ತಿದ್ದರು. ಬರದಲ್ಲಿ ಅವರ ಕಣ್ಣೆದುರೇ ಲಿಟಲ್ ಬ್ಲೂಸ್ಟೆಮ್ ದೊಡ್ಡ ಪ್ರಮಾಣದಲ್ಲಿ ಸತ್ತಿತು. ಆ ಜಾಗಕ್ಕೆ ಹಬ್ಬಿದವುಗಳಲ್ಲಿ ಮುಂದೆ ನಿಂತಿದ್ದು ವೆಸ್ಟರ್ನ್ ವೀಟ್‌ಗ್ರಾಸ್. ಅದು ಗೋಧಿಯ ನೆಂಟ. ಸಿ3. ನೀರು ದುಂದು ಮಾಡುವ ಗುಂಪಿನದ್ದು.

ಆಗ ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣಲಿಲ್ಲ, ಸಿ3, ಸಿ4 ಅನ್ನುವ ಭೇದವೇ ಗೊತ್ತಿರಲಿಲ್ಲವಲ್ಲ. ಒಗಟು ಹುಟ್ಟಿದ್ದು ಆಮೇಲೆ. ಅದಕ್ಕೆ ನನಗೆ ಒಪ್ಪಿಗೆಯಾದ ಉತ್ತರ ಬಂದಿದ್ದು 2020ರಲ್ಲಿ, ನ್ಯಾಪ್ ಮತ್ತು ಜೊತೆಗಾರರಿಂದಲೇ. ಅವರು ಮಳೆಯ ಹಳೆಯ ದಾಖಲೆಗಳನ್ನು ತಿಂಗಳುವಾರು ಬಿಡಿಸಿ ನೋಡಿದರು. ಈ ನಾಡಿನಲ್ಲಿ ಮಳೆಗಾಲವೂ ಬೇಸಿಗೆಯೂ ಹೆಚ್ಚುಕಡಿಮೆ ಒಂದೇ. ಕಡು ಬರದ ವರ್ಷಗಳಲ್ಲಿ ಮಳೆ ಎಲ್ಲ ತಿಂಗಳಲ್ಲೂ ಸಮನಾಗಿ ಕಡಿಮೆಯಾಗುವುದಿಲ್ಲ. ಮುಖ್ಯವಾಗಿ ಕೈ ಕೊಡುವುದು ಬೇಸಿಗೆಯ ಮಳೆ. ಚಳಿಗಾಲದ ಮತ್ತು ವಸಂತದ ಆರಂಭದ ಅಷ್ಟಿಷ್ಟು ತೇವ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅಂದರೆ ಒಟ್ಟು ಮಳೆಯಲ್ಲಿ ಚಳಿ ತಿಂಗಳುಗಳ ಪಾಲು ಏರುತ್ತದೆ. ಬೇಸಿಗೆಯ ಮಳೆಯನ್ನು ಬೇಕಂತಲೇ ತಡೆದು ಕೆಲವು ವರ್ಷ ನಡೆಸಿದ ಪ್ರಯೋಗದಲ್ಲೂ ಸಿ3 ಹುಲ್ಲುಗಳೇ ಹೆಚ್ಚಿದವು.

ಈಗ ಟೀರಿ ಮತ್ತು ಸ್ಟೋವ್ ಮಾತನ್ನು ಇಲ್ಲಿಗೆ ತನ್ನಿ: ಸಿ4 ಹುಲ್ಲಿನ ಪಾಲನ್ನು ನಿರ್ಧರಿಸುವುದು ಮಳೆಗಿಂತ ಬೆಚ್ಚಗಿನ ಕಾಲ. ವೀಟ್‌ಗ್ರಾಸ್ ಚಳಿ ಪೂರ್ತಿ ಹೋಗುವ ಮೊದಲೇ ಚಿಗುರುತ್ತದೆ. ನೆಲದಲ್ಲಿರುವ ತೇವವನ್ನು ದುಂದಾಗಿ ಕುಡಿದು ಬೆಳೆದು, ಬಿರುಬೇಸಿಗೆ ಬರುವ ಹೊತ್ತಿಗೆ ಕೆಲಸ ಮುಗಿಸಿ ಮಲಗಿರುತ್ತದೆ. ಬ್ಲೂಸ್ಟೆಮ್ ಏಳುವುದು ಬಿಸಿ ಏರಿದ ಮೇಲೆ. ಅದು ಎದ್ದಾಗ ನೆಲ ಒಣಗಿರುತ್ತದೆ, ಮೇಲಿಂದ ಮಳೆಯೂ ಇಲ್ಲ. ಒಂದು ಹನಿಯಲ್ಲಿ ಎರಡು ಹನಿಯ ಕೆಲಸ ಮಾಡುವ ಶಕ್ತಿ ಇದೆ ನಿಜ, ಆದರೆ ಮಾಡಲು ಆ ಒಂದು ಹನಿಯಾದರೂ ಬೇಕಲ್ಲ. ಮೈಲೇಜ್ ಜಾಸ್ತಿ ಇರುವ ಬೈಕ್ ಪೆಟ್ರೋಲ್ ಮುಗಿದ ಮೇಲೂ ಓಡುತ್ತದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಹುಲ್ಲಿನ ವಿಷಯದಲ್ಲಿ ಮಾತ್ರ ನಾವೆಲ್ಲ ಹಾಗೇ ಅಂದುಕೊಂಡಿದ್ದೆವು.

ಯಂತ್ರದ ಒಳಗೂ ಇದಕ್ಕೆ ಸಾಕ್ಷಿ ಇದೆ. ದಕ್ಷಿಣ ಆಫ್ರಿಕಾದಲ್ಲಿ ಅಲೊಟೆರಾಪ್ಸಿಸ್ ಅನ್ನುವ ಒಂದು ಹುಲ್ಲಿದೆ. ಒಂದೇ ಜಾತಿ, ಅದರಲ್ಲೇ ಸಿ3 ರೂಪವೂ ಇದೆ, ಸಿ4 ರೂಪವೂ ಇದೆ. ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ. ನೀರಿದ್ದಾಗ ಸಿ4 ರೂಪ ಮುಂದೆ. ಬರ ಬಿಗಿಯಾದ ಹಾಗೆ ಆ ಮುನ್ನಡೆ ಕರಗಿಹೋಗುತ್ತದೆ. ರಂಧ್ರ ಮುಚ್ಚಿದ್ದಷ್ಟೇ ಕಾರಣವಲ್ಲ, ಒಳಗಿನ ಕೆಲಸವೇ ಕೆಡುತ್ತದೆ.

ನನಗೆ ಇದರಲ್ಲಿ ಮುಖ್ಯ ಅನಿಸುವುದು ಇಷ್ಟು. ಈ ಗಿಡ ಬರ ತಡೆಯುತ್ತದೆ ಅಂತ ಬೀಜದ ಪೊಟ್ಟಣದ ಮೇಲೆ ಬರೆಯುವುದು ಸುಲಭ. ಯಾವ ಬರ, ಯಾವ ತಿಂಗಳ ಬರ ಅಂತ ಕೇಳದೆ ಆ ಮಾತಿಗೆ ಅರ್ಥ ಅರ್ಧವೇ.

ಬೇರಿನ ಬಗ್ಗೆಯೂ ಇಂಥದ್ದೇ ಒಂದು ನಂಬಿಕೆ ಇದೆ. ಪ್ರೇರಿ ಹುಲ್ಲಿನ ಬೇರು ಎರಡು ಮೀಟರಿಗೂ ಕೆಳಗೆ ಹೋಗುತ್ತದೆ. ವೀವರ್ ಕಾಲದ ಚಿತ್ರಗಳನ್ನು ನೋಡಿದರೆ ಮೇಲಿನ ಹುಲ್ಲಿಗಿಂತ ಕೆಳಗಿನ ಹುಲ್ಲೇ ದೊಡ್ಡದು. ಹಾಗಾಗಿ ಬರದಲ್ಲಿ ಅದು ಆಳದ ನೀರು ಕುಡಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಪ್ರವಾಸಿ ಫಲಕಗಳೂ ಹೇಳುತ್ತವೆ. ಜೆಸ್ಸಿ ನಿಪ್ಪರ್ಟ್ ಮತ್ತು ನ್ಯಾಪ್ ಇದನ್ನು ಕೋನ್ಜಾದಲ್ಲಿ ಪರೀಕ್ಷಿಸಿದರು. ಉಪಾಯ ಚೆನ್ನಾಗಿದೆ. ನೀರಿನಲ್ಲಿ ಹಗುರ ಹೈಡ್ರೋಜನ್, ಭಾರ ಹೈಡ್ರೋಜನ್ ಅಂತ ಎರಡು ಬಗೆ ಇರುತ್ತದೆ, ಆಮ್ಲಜನಕದಲ್ಲೂ ಹಾಗೆಯೇ. ಮೇಲ್ಮಣ್ಣಿನಲ್ಲಿ ಹಗುರ ನೀರು ಬೇಗ ಆರಿಹೋಗಿ ಭಾರದ ಪಾಲು ಏರುತ್ತದೆ, ಆಳದಲ್ಲಿ ಹಾಗಾಗುವುದಿಲ್ಲ. ಬೇರು ನೀರು ಹೀರುವಾಗ ಈ ಗುರುತು ಬದಲಾಗುವುದಿಲ್ಲ. ಹುಲ್ಲಿನ ಬುಡದಿಂದ ನೀರು ತೆಗೆದು ಅಳೆದರೆ ಅದು ಎಷ್ಟು ಆಳದಿಂದ ಬಂದದ್ದು ಅಂತ ತಿಳಿಯುತ್ತದೆ.

ಸಿ4 ಹುಲ್ಲುಗಳು ಮಳೆಯ ದಿನಗಳಲ್ಲೂ, ಒಣ ದಿನಗಳಲ್ಲೂ ಕುಡಿಯುತ್ತಿದ್ದದ್ದು ಮೇಲಿನ ಸುಮಾರು 30 ಸೆಂಟಿಮೀಟರ್ ಮಣ್ಣಿನ ನೀರನ್ನೇ. ಒಣಗಿದಾಗ ಆಳಕ್ಕೆ ಇಳಿದದ್ದು ಪೊದೆಗಳು, ಅಗಲ ಎಲೆಯ ಗಿಡಗಳು. ಹುಲ್ಲಿನ ಆಳದ ಬೇರುಗಳು ತೆಳು, ಎಣಿಕೆಯಲ್ಲೂ ಕಡಿಮೆ. ಅಲ್ಲಿಂದ ಹೆಚ್ಚು ನೀರು ಎಳೆಯಲಾಗುವುದಿಲ್ಲ. ಹುಲ್ಲು ನೆಚ್ಚಿರುವುದು ಆಳವನ್ನಲ್ಲ. ಮೇಲ್ಮಣ್ಣಿನಲ್ಲಿ ಬೇರು ಹೆಣೆದು, ಬಿದ್ದ ಮಳೆಯನ್ನು ಬೇರೆಯವರಿಗಿಂತ ಮೊದಲು ಹಿಡಿಯುವುದನ್ನು. ಸಿಗದಿದ್ದರೆ ಎಲೆ ಒಣಗಿಸಿ ಬುಡದ ಮೊಗ್ಗುಗಳನ್ನು ಮಣ್ಣಿನೊಳಗೆ ಕಾಪಾಡಿಕೊಳ್ಳುವುದನ್ನು.

ಇದನ್ನು ಓದುವಾಗ ನನಗೆ ನಮ್ಮ ಹಿಂಗಾರಿ ಬಿಳಿಜೋಳದ ನೆನಪಾಗದೆ ಇರಲಿಲ್ಲ. ಅದೂ ಸಿ4, ಬ್ಲೂಸ್ಟೆಮ್ ಬಳಗದ್ದೇ. ಆದರೆ ಎರಿ ಭೂಮಿಯಲ್ಲಿ ಅದರ ಪಾಡು ಬೇರೆ. ಮಳೆ ಮುಗಿಯುವ ಹೊತ್ತಿಗೆ ಬಿತ್ತನೆ, ಆಮೇಲೆ ಮಳೆಯ ಭರವಸೆ ಇಲ್ಲ. ಕಪ್ಪು ಮಣ್ಣು ಹಿಡಿದಿಟ್ಟ ತೇವ ಎಷ್ಟೋ ಅಷ್ಟರಲ್ಲೇ ತೆನೆಯವರೆಗೆ ಹೋಗಬೇಕು. ಅಲ್ಲಿ ದಿನಕ್ಕೆ ಎಷ್ಟು ಉಳಿಸಿದೆ ಅನ್ನುವುದಕ್ಕಿಂತ ಯಾವಾಗ ಉಳಿಸಿದೆ ಅನ್ನುವುದೇ ದೊಡ್ಡದು. ಎಲೆ ಜಾಸ್ತಿ ಬಿಟ್ಟು ನೀರನ್ನು ಮೊದಲೇ ಖಾಲಿ ಮಾಡಿದ ಜೋಳ, ಕಾಳು ಕಟ್ಟುವಾಗ ಒಣಗಿ ಬುಡ ಮುರಿದು ಬೀಳುತ್ತದೆ. ಕೊನೆಯವರೆಗೂ ಎಲೆ ಹಸಿರಾಗಿರುವ ಕೆಲವು ಜೋಳದ ತಳಿಗಳನ್ನು ಆಸ್ಟ್ರೇಲಿಯಾದಲ್ಲಿ, ಹೈದರಾಬಾದಿನ ಇಕ್ರಿಸ್ಯಾಟ್ ಅನ್ನುವ ಬೆಳೆ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷಿಸಿದ್ದಾರೆ. ಅವುಗಳ ಗುಟ್ಟಿನಲ್ಲಿ ಒಂದು ಪಾಲು ಇದು: ಹೂ ಬಿಡುವ ಮೊದಲು ಎಲೆಯ ಹರವನ್ನು ಸ್ವಲ್ಪ ಕಡಿಮೆ ಇಟ್ಟುಕೊಂಡು ನೀರನ್ನು ಕಾಳಿನ ಕಾಲಕ್ಕೆ ಮಿಗಿಸುವುದು. ರಂಧ್ರದ ಕೌಶಲ ಅದೇ. ಖರ್ಚಿನ ದಿನಚರಿ ಬೇರೆ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದರಿಂದ ಮುಂದೇನಾಗುತ್ತದೆ ಅನ್ನುವ ಪ್ರಶ್ನೆಗೂ ಪಠ್ಯಪುಸ್ತಕದ ಉತ್ತರವೊಂದಿತ್ತು. ಸಿ3ಗೆ ಲಾಭ, ಸಿ4ಗೆ ಏನೂ ಇಲ್ಲ, ಅದರ ಹತ್ತಿರ ಇಂಗಾಲವನ್ನು ಒಳಮನೆಗೆ ದಾಟಿಸುವ ಪಂಪ್ ಮೊದಲೇ ಇದೆಯಲ್ಲ. ಮಿನೆಸೋಟದ ಸೀಡರ್ ಕ್ರೀಕ್‌ನಲ್ಲಿ ಪೀಟರ್ ರೈಕ್ ತಂಡ ಹೆಚ್ಚು ಇಂಗಾಲದ ಡೈಆಕ್ಸೈಡ್ ಕೊಟ್ಟು 20 ವರ್ಷ ಹುಲ್ಲು ಬೆಳೆಸಿತು. ಮೊದಲ 12 ವರ್ಷ ಪಠ್ಯಪುಸ್ತಕ ಗೆದ್ದಿತು. ಆಮೇಲಿನ ಎಂಟು ವರ್ಷ ತಿರುವುಮುರುವಾಗಿ ಸಿ4 ಹುಲ್ಲುಗಳೇ ಮುಂದೆ ಹೋದವು. ಮಣ್ಣಿನಲ್ಲಿ ಸಾರಜನಕ ಸಿಗುವ ರೀತಿ ಬದಲಾದದ್ದು ಅದಕ್ಕೆ ಜೊತೆಯಾಗಿತ್ತು. ವಯೋಮಿಂಗ್‌ನ ಒಣ ಹುಲ್ಲುಗಾವಲಿನ ಪ್ರಯೋಗದಲ್ಲಿ, ಬಿಸಿಯನ್ನೂ ಏರಿಸಿದಾಗ, ಸಿ4 ಹುಲ್ಲು ಬೇಗನೇ ಲಾಭ ಪಡೆಯಿತು. ರಂಧ್ರಗಳು ಇನ್ನೂ ಕಿರಿದಾಗಿ ಮಣ್ಣಿನಲ್ಲಿ ತೇವ ಉಳಿದದ್ದೇ ಕಾರಣ. 12 ವರ್ಷಕ್ಕೆ ಸೀಡರ್ ಕ್ರೀಕ್ ಪ್ರಯೋಗ ನಿಲ್ಲಿಸಿದ್ದರೆ ಪಠ್ಯಪುಸ್ತಕ ಇವತ್ತಿಗೂ ಸರಿಯಾಗೇ ಕಾಣುತ್ತಿತ್ತು. ಬಹುಪಾಲು ಪ್ರಯೋಗಗಳಿಗೆ ಮೂರೋ ನಾಲ್ಕೋ ವರ್ಷಕ್ಕೇ ದುಡ್ಡು ಮುಗಿಯುತ್ತದೆ.

ಫ್ಲಿಂಟ್ ಹಿಲ್ಸ್‌ನಲ್ಲಿ ಈಗ ಹುಲ್ಲನ್ನು ಹಿಮ್ಮೆಟ್ಟಿಸುತ್ತಿರುವುದು ಬರವೂ ಅಲ್ಲ, ಗೋಧಿಯ ನೆಂಟನೂ ಅಲ್ಲ. ಪೊದೆಗಳು. ಒರಟು ಎಲೆಯ ಡಾಗ್‌ವುಡ್ ಅದರಲ್ಲಿ ಮುಖ್ಯ. ನೀರಿನ ಲೆಕ್ಕದಲ್ಲಿ ಅದು ಪಕ್ಕಾ ದುಂದುಗಾರ, ಸಿ3. ಆದರೆ ಅದು ಕುಡಿಯುವುದು ಹುಲ್ಲು ಮುಟ್ಟದ ಆಳದ ನೀರನ್ನು. ಹಾಗಾಗಿ ಹುಲ್ಲು ಮೇಲೆ ಎಷ್ಟು ಚೊಕ್ಕವಾಗಿ ಉಳಿಸಿದರೂ ಪೊದೆಗೆ ಅದರಿಂದ ಬಾಧೆಯಿಲ್ಲ.

ಪೊದೆಯನ್ನು ತಡೆಯುವುದು ಬೆಂಕಿ. ಏಪ್ರಿಲ್ ಹೊತ್ತಿಗೆ ಇಲ್ಲಿನ ದನಗಾರರು ಗುಡ್ಡಗಳಿಗೆ ಬೆಂಕಿ ಹಾಕುತ್ತಾರೆ. ರಾತ್ರಿ ದೂರದವರೆಗೆ ಕೆಂಪು ಗೆರೆಗಳು ಕಾಣುತ್ತವೆ, ಊರಿಗೆಲ್ಲ ಹೊಗೆ. ಹಳೆಯ ಒಣಹುಲ್ಲು ಸುಟ್ಟು ನೆಲ ಕಪ್ಪಾಗಿ ಬೇಗ ಬೆಚ್ಚಗಾಗುತ್ತದೆ. ಚಿಗುರಿಗೆ ಪೂರ್ತಿ ಬೆಳಕು. ಸಿ4 ಹುಲ್ಲಿಗೆ ಬೇಕಾದದ್ದು ಇದೇ. ಮೊದಲೇ ಚಿಗುರಿದ್ದ ಚಳಿಗಾಲದ ಹುಲ್ಲುಗಳಿಗೂ, ಎಳೆಯ ಪೊದೆಗಳಿಗೂ ಪೆಟ್ಟು. ಕೋನ್ಜಾದಲ್ಲಿ ಪ್ರತಿ ವರ್ಷ ಸುಡುವ ಭಾಗಗಳು ಈಗಲೂ ಹುಲ್ಲುಗಾವಲಾಗಿವೆ. ನಾಲ್ಕು ವರ್ಷಕ್ಕೊಮ್ಮೆ ಸುಡುವ ಕಡೆ ಪೊದೆ ಹಬ್ಬುತ್ತಿದೆ. ಒಮ್ಮೆ ಪೊದೆ ಗುಂಪಾಗಿ ನಿಂತರೆ ಅದರ ನೆರಳಿನಲ್ಲಿ ಹುಲ್ಲು ಬೆಳೆಯುವುದಿಲ್ಲ, ಹುಲ್ಲಿಲ್ಲದೆ ಬೆಂಕಿ ಒಳಗೆ ಹೋಗುವುದಿಲ್ಲ. ಹೊರಗಿನ ಕೊಂಬೆ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಹಾಗಾಗಿ ಕೆಲವರು ಈಗ ಬೆಂಕಿಯ ಜೊತೆಗೆ ಮೇಕೆಗಳನ್ನೂ ಬಿಡುತ್ತಿದ್ದಾರೆ. ಮೇಕೆಗೆ ಹುಲ್ಲಿಗಿಂತ ಪೊದೆಯ ಸೊಪ್ಪೇ ಇಷ್ಟ. ಹುಲ್ಲು ಉಳಿಸಲು ಮೇಕೆ ಬಿಟ್ಟಿದ್ದಾರೆ ಅಂತ ಊರಿಗೆ ಫೋನ್ ಮಾಡಿದಾಗ ಹೇಳಿದೆ. ನಮ್ಮ ದೊಡ್ಡಪ್ಪ ನಂಬಲಿಲ್ಲ.